ನೇರಳೆ ಮರದಡಿಯ ಡಾಕ್ಟರು

೧೯೯೧ರಲ್ಲಿ ಎಂಟನೇ ಕ್ಲಾಸು ನಡುವೆ ಬಿಟ್ಟು ಸಿಮೆಂಟು ಕಲಸಲು ಹೋದವನು ನಾನು. ಅದಕ್ಕೇ ಓದಿದವರ ಕೈಗಳನ್ನು ಮೊದಲು ನೋಡುತ್ತೇನೆ. ಆ ಡಾಕ್ಟರ ಕೈ ನೋಡಿ ನಗು ಬಂತು: ನೀಲಿ ರಬ್ಬರ್ ಕೈಗವಸು, ಅದರ ಮೇಲೆ ವಾಚು, ಬೆರಳ ತುದಿಯಲ್ಲಿ ಒಂದು ಪುಟ್ಟ ಚಮಚ.

ಕಾಯಿಲೆ ನೋಡುವ ಡಾಕ್ಟರಲ್ಲ. ಸೋಲದೇವನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಸಂಶೋಧನೆ. ಅಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿ ನಾನು ಸಿಮೆಂಟ್ ಬ್ಲಾಕ್ ಮಾಡಿಸುವ ಅಂಗಳದ ಮುಂದಿನ, ರಸ್ತೆಯಂಚಿನ ನೇರಳೆ ಮರದ ಬೇರಿನ ಮಣ್ಣಿಗಾಗಿ ಮೂರು ವರ್ಷ ಬಂದರು. ನನ್ನದೇ ಟೀ ಕುಡಿಯುತ್ತ, "ಸಿಂಪಲ್ಲಾಗಿ ಹೇಳ್ತೀನಿ, ನಿಮ್ಗೂ ಅರ್ಥ ಆಗುತ್ತೆ" ಎಂದು ಶುರುಮಾಡುತ್ತಿದ್ದರು. ಆ 'ನಿಮ್ಗೂ' ಚುಚ್ಚುತ್ತಿತ್ತು. ಬೇರು ಮಣ್ಣಿಗೆ ಸಕ್ಕರೆ ಬಿಡುತ್ತದಂತೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಮಣ್ಣಿನ ಸಾರ ಕರಗಿಸಿ ಮರಕ್ಕೆ ಉಣಿಸುತ್ತದಂತೆ. ಆ ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಗುಣವೆಲ್ಲ ಅಡಗಿರುವ ಅಕ್ಷರಗಳ ಸಾಲು, ಪೂರ್ತಿ ಓದಿ ಮುಗಿಸಿದ ದಿನ ಒಂದು ಡಬ್ಬಿ ಮೈಸೂರು ಪಾಕ್ ತಂದರು. ಬ್ಯಾಕ್ಟೀರಿಯಾಕ್ಕೆ ತಮ್ಮ ಪಿಎಚ್‌ಡಿ ಗೈಡ್‌ನ ಹೆಸರಿಟ್ಟರಂತೆ. ಆ ಪುಣ್ಯಾತ್ಮ ನಮ್ಮ ಮರವನ್ನು ಕಣ್ಣಲ್ಲೂ ಕಂಡಿರಲಿಲ್ಲ.

ಆ ವರ್ಷವೇ ಪಕ್ಕದ ಅಪಾರ್ಟ್‌ಮೆಂಟಿನವರು ತಮ್ಮ ಗೇಟಿಗೆ ಅಡ್ಡವೆಂದು ಮರ ಕಡಿಸಲು ಅರ್ಜಿ ಹಾಕಿದರು. ಆಕ್ಷೇಪಣೆ ಇದ್ದವರು ಅರಣ್ಯ ವಿಭಾಗದ ಆಫೀಸಿಗೆ ಬಂದು ಹೇಳಬೇಕೆಂದು ಪಾಲಿಕೆಯವರು ಮರಕ್ಕೆ ನೋಟಿಸು ಅಂಟಿಸಿದರು. ಅಲ್ಲಿ ನನ್ನ ಮಾತು ಯಾರು ಕೇಳುತ್ತಾರೆ? ಡಾಕ್ಟರಿಗೆ ಫೋನ್ ಮಾಡಿದೆ.

"ಸಾರ್, ಬಂದು ಒಂದ್ ಮಾತು ಹೇಳ್ಬಿಡಿ. ಮರ ಉಳ್ಕೊಳ್ಳುತ್ತೆ."

"ಯಾಕ್ರೀ ಟೆನ್ಷನ್? ಜೀನೋಮ್ ಕಂಪ್ಯೂಟರಲ್ಲಿದೆ, ಬ್ಯಾಕ್ಟೀರಿಯಾ ಫ್ರೀಜರಲ್ಲಿದೆ. ಮರ ಹೋದ್ರೂ ನಮ್ ಕೆಲಸಕ್ಕೇನೂ ತೊಂದ್ರೆ ಇಲ್ಲ."

"ನನ್ ಕೆಲಸ್ದವ್ರು ನಿಮ್ ಫ್ರೀಜರ್ ಕೆಳಗೆ ಕೂತು ಊಟ ಮಾಡ್ಬೇಕಾ ಸಾರ್?"

ನಕ್ಕರು. ಜೋಕು ಅಂದುಕೊಂಡರು!

ನಾನೇ ಹೋದೆ. ಡಾಕ್ಟರು ಟೀ ಕುಡಿಯುತ್ತ ಹೇಳಿದ್ದ ಬೇರಿನ ಕಥೆಯನ್ನೇ ಅಧಿಕಾರಿಗೆ ಒಪ್ಪಿಸಿದೆ.

"ಏನ್ರೀ ಓದಿದ್ದೀರಾ ನೀವು?"

"ನನ್ ಓದಿನ ವಿಷ್ಯ ಬಿಡಿ ಸಾರ್, ಮರದ್ದು ಬರ್ಕೊಳ್ಳಿ."

ಗೇಟಿನ ಕಡೆಯ ಕೊಂಬೆಗಳನ್ನು ಮಾತ್ರ ಕಡಿಯಬೇಕು, ಮರ ಇರಲಿ ಎಂದು ಆದೇಶವಾಯಿತು. ಅಲ್ಲಿ ನಾನಾಡಿದ ಮಾತು ಡಾಕ್ಟರದೇ. ಆ ಋಣ ಇದೆ, ಇಲ್ಲವೆನ್ನುವುದಿಲ್ಲ. ಅದರಿಂದ ಆ ಮನುಷ್ಯ ದೊಡ್ಡವನಾಗುವುದಿಲ್ಲ.

ಕೆಲವು ತಿಂಗಳ ಮೇಲೆ ಡಾಕ್ಟರು ವಿದ್ಯಾರ್ಥಿಗಳನ್ನು ಕರೆತಂದರು. ಕಾಂಡಕ್ಕೆ ಒರಗಿ ಫೋಟೊ ತೆಗೆಸಿಕೊಂಡು, "ಇದೇ ನಮ್ ಮರ" ಎಂದರು. ಟೀ ಕೊಟ್ಟೆ. ಕೂತ್ಕೊಳ್ಳಿ ಅನ್ನಲಿಲ್ಲ.

ಈಗ ನನ್ನ ಹತ್ತಿರ ಇರುವುದು: ಬ್ಲಾಕ್ ಹೊಡೆಯುವ ಯಂತ್ರ ಎರಡು, ಗೂಡ್ಸ್ ಗಾಡಿ ಒಂದು, ಕೆಲಸದವರು ಒಂಬತ್ತು, ನೆರಳು ಅರ್ಧ.