ಲ್ಯಾಮಿನೇಶನ್ ಆದ ಎಡಗೈ ಆಟಗಾರ

ಬೇಸ್‌ಬಾಲ್ ಆಟ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಯಾರು ಯಾವಾಗ ಓಡಬೇಕು, ಓಡಿದವನು ಅರ್ಧ ದಾರಿಯಲ್ಲಿ ಯಾಕೆ ನಿಲ್ಲುತ್ತಾನೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಹಳೆಯ ಬೇಸ್‌ಬಾಲ್ ಕಾರ್ಡೊಂದನ್ನು ನನ್ನ ಕೈಗೆ ಕೊಟ್ಟು ನೋಡಿ. ಅದು ಅಸಲಿಯೋ ನಕಲಿಯೋ, ಸವೆದ ಅಂಚನ್ನು ಯಾರಾದರೂ ಕತ್ತರಿಸಿ ನೇರ ಮಾಡಿದ್ದಾರೋ, ಮೂಲೆ ಮೆತ್ತಗಾದದ್ದು ಜೇಬಿನಲ್ಲೋ ಪುಸ್ತಕದ ನಡುವೆಯೋ ಎಂಬುದನ್ನು ಚಹಾ ಆರುವುದರೊಳಗೆ ಹೇಳುತ್ತೇನೆ. ಇದರಲ್ಲಿ ಸಂಕೋಚವೇನೂ ಇಲ್ಲ. ಗೊತ್ತಿರುವುದನ್ನು ಗೊತ್ತಿದೆ ಎನ್ನಲು ಯಾಕೆ ನಾಚಬೇಕು?

ಶುರುವಾದದ್ದು ಒಂದು ಬಿಸ್ಕತ್ತಿನ ಡಬ್ಬಿಯಿಂದ. ಮದುವೆಯಾಗಿ ಧಾರವಾಡದಿಂದ ಬಂದು ಲಂಡನ್ನಿನ ಕಿಂಗ್ಸ್‌ಬರಿಯ ಫ್ಲಾಟಿನಲ್ಲಿ ಸಂಸಾರ ಹೂಡಿದ ಹೊಸತು. ಭಾನುವಾರ ಬೆಳಿಗ್ಗೆ ಜನ ಕಾರಿನ ಡಿಕ್ಕಿ ತೆರೆದಿಟ್ಟು ಮನೆಯ ಹಳೆ ಸಾಮಾನು ಮಾರುವ ಮೈದಾನಕ್ಕೆ ಹೋಗಿದ್ದೆ. ಚಕ್ಕುಲಿ ಹಾಕಿಡಲು ಬಿಗಿ ಮುಚ್ಚಳದ ಡಬ್ಬಿ ಬೇಕಾಗಿತ್ತು, ಸಿಕ್ಕಿತು. ಮನೆಗೆ ತಂದು ಮುಚ್ಚಳ ಎಬ್ಬಿಸಿದರೆ ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು. ಒಂದು ಕಾಲದಲ್ಲಿ ಅಮೆರಿಕದ ಮಕ್ಕಳಿಗೆ ಚೂಯಿಂಗ್ ಗಮ್ಮಿನ ಪೊಟ್ಟಣದ ಜೊತೆ ಸಿಗುತ್ತಿದ್ದಂಥವು. ಮರುವಾರ ವಾಪಸ್ ಕೊಡಲು ಹೋದರೆ, ಮಾರಿದ ಹೆಂಗಸು ಡಬ್ಬಿಯೊಳಗಿನದೆಲ್ಲ ಡಬ್ಬಿ ಕೊಂಡವರದೇ ಎಂದು ನಕ್ಕು ಕಳಿಸಿಬಿಟ್ಟಳು. ಚಕ್ಕುಲಿಗೆ ಬೇರೆ ಡಬ್ಬಿ ಹುಡುಕಬೇಕಾಯಿತು.

ಕಾರ್ಡಿನ ಮುಂಭಾಗದಲ್ಲಿ ಟೋಪಿ ಹಾಕಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಗಂಡಸರು. ಅವರ ಮುಖ ನೋಡಿ ನಾನೇನು ಮಾಡಲಿ? ನನ್ನನ್ನು ಹಿಡಿದು ಕೂರಿಸಿದ್ದು ಹಿಂಭಾಗ. ಅಲ್ಲಿ ಎತ್ತರ, ತೂಕ, ಹುಟ್ಟಿದ ಊರು, ಕೊನೆಯಲ್ಲಿ ಒಂದು ಸಾಲು: ಆಟವಿಲ್ಲದ ಚಳಿಗಾಲದಲ್ಲಿ ಈತ ಏನು ಮಾಡುತ್ತಾನೆ ಎಂದು. ಒಬ್ಬ ಹಂದಿ ಸಾಕುತ್ತಾನೆ. ಒಬ್ಬ ಮನೆಮನೆಗೆ ಹಾಲು ಹಾಕುತ್ತಾನೆ. ಇನ್ನೊಬ್ಬ ವಿಮೆ ಮಾಡಿಸುತ್ತಾನೆ, ಮತ್ತೊಬ್ಬ ಚರ್ಚಿನಲ್ಲಿ ಹಾಡುತ್ತಾನೆ. ಆಗಿನ ಆಟಗಾರರಿಗೆ ಆಟವೊಂದರಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲವಂತೆ. ನಮ್ಮೂರಿನ ಕನ್ನಡ ಮಾಸ್ತರರು ಬೆಳಿಗ್ಗೆ ಎಮ್ಮೆ ಹಾಲು ಮಾರಿ ಶಾಲೆಗೆ ಬರುತ್ತಿದ್ದರು. ಓಣಿಯ ಕಂಡಕ್ಟರನ ಮನೆಯಲ್ಲಿ ಸೀರೆ ವ್ಯಾಪಾರ ನಡೆಯುತ್ತಿತ್ತು. ಈ ಅಮೆರಿಕದವರು ನನಗೆ ತೀರ ಗೊತ್ತಿದ್ದವರಾಗಿಬಿಟ್ಟರು. ಎಲ್ಲರೂ ವರ್ಷದ ಲೆಕ್ಕದಲ್ಲಿ, ತಂಡದ ಲೆಕ್ಕದಲ್ಲಿ ಕಾರ್ಡು ಕೂಡಿಸುತ್ತಾರೆ. ನಾನು ಚಳಿಗಾಲದ ಕಸುಬಿನ ಲೆಕ್ಕದಲ್ಲಿ ಕೂಡಿಸತೊಡಗಿದೆ.

ಲಂಡನ್ನಿನ ಇನ್ನೊಂದು ತುದಿಯ ಸ್ಟ್ರಾಟ್‌ಫರ್ಡಿನಲ್ಲಿ, ಅಲ್ಲಿಯ ದೊಡ್ಡ ಶಾಪಿಂಗ್ ಸೆಂಟರಿನಿಂದ ಹತ್ತು ನಿಮಿಷ ನಡೆದರೆ ಒಂದು ಹಳೆ ಸಭಾಭವನ ಸಿಗುತ್ತದೆ. ತಿಂಗಳಿಗೊಂದು ಭಾನುವಾರ ಅಲ್ಲಿ ಕಾರ್ಡಿನವರು ಸೇರುತ್ತಾರೆ. ಮೊದಲ ದಿನ ಒಬ್ಬಾತ ನನ್ನನ್ನು ಚಹಾ ಮಾಡಿಕೊಡುವವಳೆಂದು ತಿಳಿದು ಚಹಾ ಆಯಿತೇ ಎಂದು ಕೇಳಿದ್ದ. ಮೂರನೆಯ ತಿಂಗಳು ಅದೇ ಮಹಾಶಯ ತನ್ನ ಕಾರ್ಡು ಅಸಲಿಯೇ ನೋಡಿ ಹೇಳಿ ಎಂದು ನನ್ನ ಮುಂದೆ ನಿಂತಿದ್ದ. ನಕಲಿ ಎಂದು ಹೇಳುವಾಗ ನನಗೆ ಬಹಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ?

ಅಲ್ಲಿಯ ಸುಖವೆಲ್ಲ ಅದಲುಬದಲಿನಲ್ಲಿದೆ. ನಿಮಗೆ ಬೇಕಾದ ಕಾರ್ಡಿನ ಕಡೆ ನೋಡಲೇಬಾರದು. ಪಕ್ಕದ್ದನ್ನು ಎತ್ತಿ, ಕನ್ನಡಕ ಸರಿಮಾಡಿಕೊಂಡು, ಮುಖ ಸ್ವಲ್ಪ ಸೊಟ್ಟ ಮಾಡಿ, ಹವೆಯ ಬಗ್ಗೆ ಎರಡು ಮಾತಾಡಿ, ಹೊರಡುವಾಗ ನೆನಪಾದವರಂತೆ ‘ಇದೊಂದು ಬಿದ್ದಿದೆಯಲ್ಲ, ಇದೇನು?’ ಎನ್ನಬೇಕು. ಧಾರವಾಡದ ಸಂತೆಯಲ್ಲಿ ನನ್ನವ್ವ ಬದನೆಕಾಯಿ ಕೊಳ್ಳುತ್ತಿದ್ದುದೇ ಹೀಗೆ. ಆ ವಿದ್ಯೆ ಲಂಡನ್ನಿನಲ್ಲಿ ಇಷ್ಟು ಚೆನ್ನಾಗಿ ನಡೆಯುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಈ ವಿದ್ಯೆ ನಡೆಯದಿದ್ದದ್ದು ಒಬ್ಬರ ಮುಂದೆ ಮಾತ್ರ. ಅವರು ನಿವೃತ್ತ ಬಸ್ ಡ್ರೈವರ್. ಸ್ಟ್ರಾಟ್‌ಫರ್ಡಿನ ಕಡೆಯವರೇ, ಎತ್ತರದ ಆಳು, ಮಾತು ಕಡಿಮೆ. ಅವರು ಕೂಡಿಸುತ್ತಿದ್ದುದು ತಪ್ಪುಗಳನ್ನು: ಹೆಸರು ಅದಲುಬದಲಾದ ಕಾರ್ಡು, ಬಣ್ಣ ಮರೆತ ಕಾರ್ಡು, ಹೀಗೆ ಮುದ್ರಣದಲ್ಲಿ ಎಡವಟ್ಟಾದವು. ಅವರ ಆಲ್ಬಮ್ಮಿನಲ್ಲಿ ಒಬ್ಬ ಕ್ಷೌರಿಕನಿದ್ದ. ‘ಚಳಿಗಾಲದಲ್ಲಿ ತಂದೆಯ ಅಂಗಡಿಯಲ್ಲಿ ಕ್ಷೌರ ಮಾಡುತ್ತಾನೆ. ತಂಡದವರ ತಲೆಯೂ ಇವನ ಕೈಯಲ್ಲೇ’ ಎಂದು ಹಿಂದೆ ಬರೆದಿತ್ತು. ನನ್ನ ಆಲ್ಬಮ್ಮಿನ ಕೊನೆಯ ಪುಟದಲ್ಲಿ ಕಾರ್ಡು ಸಿಕ್ಕಿಸುವ ಒಂದೇ ಒಂದು ಕಿಸೆ ಖಾಲಿಯಿತ್ತು. ಆ ಕಿಸೆ ಈ ಕ್ಷೌರಿಕನಿಗೇ ಎಂದು ನಾನು ನಿರ್ಧರಿಸಿ ಆರು ವರ್ಷವಾಗಿತ್ತು. ಏನು ತೋರಿಸಿದರೂ ಡ್ರೈವರ್ ತಲೆ ಅಲ್ಲಾಡಿಸುತ್ತಿದ್ದರು.

ಹೋದ ಬೇಸಿಗೆಯಲ್ಲಿ ಕೊನೆಗೂ ನನ್ನ ಕೈಗೆ ಒಂದು ಆಯುಧ ಸಿಕ್ಕಿತು. ಯಾರೋ ಕೊಟ್ಟ ಕಟ್ಟಿನಲ್ಲಿ ಒಬ್ಬ ಬಲಗೈ ಆಟಗಾರ ಎಡಗೈಯಲ್ಲಿ ಬ್ಯಾಟು ಹಿಡಿದು ನಿಂತಿದ್ದ. ಟೋಪಿಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಫೋಟೋವನ್ನು ಹಿಂದುಮುಂದಾಗಿ ಅಚ್ಚು ಹಾಕಿದ್ದರು. ಆಮೇಲೆ ತಿದ್ದಿದ್ದರಿಂದ ಇಂಥ ತಪ್ಪು ಕಾರ್ಡು ಸಿಗುವುದು ಅಪರೂಪ. ಅದರ ಫೋಟೋ ಕಳಿಸಿದ ಐದು ನಿಮಿಷಕ್ಕೆ ಡ್ರೈವರ್ ಫೋನು ಬಂತು. ಭಾನುವಾರ ಕ್ಷೌರಿಕನನ್ನು ತರುತ್ತೇನೆ ಎಂದರು. ನಾನು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ.

ಇಲ್ಲಿ ನನ್ನ ಮಾವನವರ ಬಗ್ಗೆ ಹೇಳಬೇಕು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗಂಡನಿಗೆ ಬೈಯುತ್ತೇನೆ, ತಮ್ಮನಿಗೆ ಬೈಯುತ್ತೇನೆ, ಫೋನಿನಲ್ಲಿ ಅಪ್ಪನಿಗೂ ಬಿಡುವುದಿಲ್ಲ. ನನ್ನ ಬಾಯಿಗೆ ಸಿಗದೆ ಉಳಿದವರೆಂದರೆ ಮಾವನವರು ಒಬ್ಬರೇ. ಧಾರವಾಡದಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದವರು, ಹನ್ನೆರಡು ವರ್ಷಗಳಿಂದ ಪ್ರತಿ ಬೇಸಿಗೆ ಮೂರು ತಿಂಗಳು ನಮ್ಮಲ್ಲಿಗೆ ಬರುತ್ತಾರೆ. ಕುಡಿದ ಕಪ್ಪು ತಾವೇ ತೊಳೆದಿಡುತ್ತಾರೆ. ಫ್ರಿಜ್ ತೆರೆಯುವ ಮುಂಚೆ ಕೇಳುತ್ತಾರೆ. ಏನು ಬಡಿಸಿದರೂ ‘ಛಲೋ ಆಗೇತವಾ’ ಎನ್ನುತ್ತಾರೆ. ನಾನೂ ಅಷ್ಟೇ, ಅವರ ಮುಂದೆ ದನಿ ಎತ್ತಿದವಳಲ್ಲ. ನೋಡಿದವರು ಎಂಥ ಮಾವ, ಎಂಥ ಸೊಸೆ ಎಂದು ಹೊಗಳುತ್ತಿದ್ದರು.

ಹೋದ ಬೇಸಿಗೆ ಅವರು ಸೂಪರ್ ಮಾರ್ಕೆಟ್ಟಿನಿಂದ ಒಂದು ಲ್ಯಾಮಿನೇಶನ್ ಮಶೀನು ಕೊಂಡು ತಂದರು. ಮೊದಲು ಕೌನ್ಸಿಲ್ಲಿನವರು ಕಸ ಒಯ್ಯುವ ವೇಳಾಪಟ್ಟಿ ಲ್ಯಾಮಿನೇಟ್ ಆಯಿತು. ಆಮೇಲೆ ವೈಫೈ ಪಾಸ್‌ವರ್ಡು, ಡಾಕ್ಟರು ಬರೆದ ಮಾತ್ರೆಗಳ ಪಟ್ಟಿ, ನನ್ನ ಶೇಂಗಾ ಹೋಳಿಗೆಯ ಅಳತೆ. ಒಂದೊಂದಕ್ಕೂ ನಾನು ‘ಭಾಳ ಛಲೋ ಆತ್ರಿ ಮಾಮಾ’ ಎಂದೆ. ತಪ್ಪು ಅಲ್ಲೇ ಆದದ್ದು.

ಶನಿವಾರ ಮಧ್ಯಾಹ್ನ ಹಳೆ ಕವರಿನಿಂದ ಎಡಗೈ ಆಟಗಾರನನ್ನು ತೆಗೆದು, ಊಟದ ಮೇಜಿನ ಮೇಲೆ ಶುಭ್ರ ಕರವಸ್ತ್ರದಲ್ಲಿ ಮಲಗಿಸಿ, ಗಟ್ಟಿ ಕೇಸು ತರಲು ಅಂಗಡಿಗೆ ಹೋದೆ. ಒಂದು ತಾಸಿಗೆ ವಾಪಸ್ ಬಂದರೆ ಮನೆಯಲ್ಲಿ ಬಿಸಿ ಪ್ಲಾಸ್ಟಿಕ್ ವಾಸನೆ. ಮಾವನವರು ಬಾಗಿಲಲ್ಲೇ ಕಾಯುತ್ತಿದ್ದರು.

‘ಇದೊಂದ ಹೊರಗ ಬಿಟ್ಟ ಹೋಗಿದ್ದಿ ನೋಡವಾ. ಹಾಳಾದೀತು ಅಂತ ನಾನಽ ಮಾಡಿಟ್ಟೆ. ಇನ್ನ ಐವತ್ತ ವರ್ಷ ಏನೂ ಆಗಂಗಿಲ್ಲ.’

ಆಟಗಾರ ಹೊಳೆಯುತ್ತಿದ್ದ. ನಾಲ್ಕೂ ಕಡೆ ಹೊಲಕ್ಕೆ ಬದು ಬಿಟ್ಟ ಹಾಗೆ ಪ್ಲಾಸ್ಟಿಕ್ಕಿನ ಅಂಚು, ಮೂಲೆಗಳನ್ನು ಕತ್ತರಿಯಿಂದ ಗುಂಡಗೆ ಮಾಡಿದ್ದರು. ಮೂಲೆಗಳು ಕೈಗೆ ಚುಚ್ಚದಿರಲಿ ಎಂದು ಅಪ್ಪಂದಿರು ಗುರುತಿನ ಚೀಟಿಗೆ ಮಾಡಿಕೊಡುವ ಅಕ್ಕರೆ ಅದರಲ್ಲಿತ್ತು. ಒಮ್ಮೆ ಆ ಬಿಸಿ ಪ್ಲಾಸ್ಟಿಕ್ ಹಿಡಿದುಕೊಂಡರೆ ಕಾಗದ ಹರಿಯದೆ ಬಿಡಿಸಲಾಗದು. ಕಾರ್ಡಿನವರ ಪಾಲಿಗೆ ಅದು ಸತ್ತ ಕಾರ್ಡು. ‘ಛಲೋ ಆತ್ರಿ ಮಾಮಾ’ ಎಂದೆ.

ರಾತ್ರಿಯೆಲ್ಲ ಬೈಗುಳ ಗಂಟಲಲ್ಲೇ ಉಳಿಯಿತು. ಬೆಳಿಗ್ಗೆ ನೋಡಿದರೆ ಮಾವನವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ತಯಾರು. ತಮ್ಮ ಕೆಲಸವನ್ನು ಡ್ರೈವರ್ ಏನನ್ನುತ್ತಾರೋ ನೋಡಬೇಕಂತೆ. ಬೇಡವೆನ್ನಲು ಬಾಯಿ ಬರಲಿಲ್ಲ. ಜೊತೆಗೆ ನನ್ನ ಮೇಲೆ ನನಗೆ ನಂಬಿಕೆಯಿತ್ತು. ಡ್ರೈವರ್ ತಪ್ಪುಗಳನ್ನು ಕೂಡಿಸುವವರು ತಾನೇ? ಇದೂ ಒಂದು ತಪ್ಪು ಎಂದು ಒಪ್ಪಿಸಿಬಿಡುತ್ತೇನೆ ಎಂದುಕೊಂಡೆ.

ಡ್ರೈವರ್ ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ನನ್ನ ವಾದವನ್ನೆಲ್ಲ ಹೂಡಿದೆ. ಲೋಕದಲ್ಲಿ ಎರಡು ಸಲ ತಪ್ಪಾದ ಕಾರ್ಡು ಇದೊಂದೇ ಎಂದೆ.

‘ನಾನು ಕೂಡಿಸುವುದು ಅಚ್ಚಿನವರ ತಪ್ಪುಗಳನ್ನು,’ ಎಂದರು ಅವರು ಮೆತ್ತಗೆ. ‘ಮನೆಯವರ ತಪ್ಪುಗಳನ್ನಲ್ಲ.’

ಮಾವನವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಮುಂದೆ ಬಂದು ನೇರವಾಗಿ ಕೇಳಿದರು: ‘ಇದು ಹಾಳಾಗಿದೆಯೆ?’ ಡ್ರೈವರ್ ನನ್ನ ಮುಖ ನೋಡಿ, ಅವರ ಮುಖ ನೋಡಿ, ಹೌದು ಸರ್ ಎಂದರು. ಕ್ಷೌರಿಕ ಅವರ ಆಲ್ಬಮ್ಮಿಗೆ ವಾಪಸ್ ಹೋದ. ಯಾರಿಗೂ ಕೊಡುವುದಿಲ್ಲ, ಇನ್ನೊಬ್ಬ ಎಡಗೈಯವನನ್ನು ಹುಡುಕಿ ತನ್ನಿ ಎಂದು ನನಗೆ ಭರವಸೆ ಕೊಟ್ಟರು. ನನಗೆ ಅಳು ಬಂದಿತ್ತು, ಆದರೆ ಆ ಸಭಾಭವನದಲ್ಲಿ ಅಳುವವಳು ನಾನಲ್ಲ.

ಸ್ಟ್ರಾಟ್‌ಫರ್ಡಿನಿಂದ ಕಿಂಗ್ಸ್‌ಬರಿಗೆ ಒಂದೇ ರೈಲು, ಜುಬಿಲಿ ಲೈನ್. ಸುರಂಗದಲ್ಲಿ ಅದರ ಕಿರುಚಾಟಕ್ಕೆ ಪಕ್ಕದವರ ಮಾತೂ ಕೇಳುವುದಿಲ್ಲ. ಮಾವನವರು ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ಫಿಂಚ್ಲಿ ರೋಡ್ ಸ್ಟೇಶನ್ನಿನಲ್ಲಿ ರೈಲು ಬೆಳಕಿಗೆ ಬಂದು ಸದ್ದು ಅಡಗಿದ ಮೇಲೆ ಬಾಯಿ ತೆರೆದರು.

‘ನಿನ್ನ ಗಂಡ ಇದನ್ನ ಮಾಡಿದ್ರ ಏನ ಮಾಡ್ತಿದ್ದಿ?’

‘ಬೈತಿದ್ದೆ ರೀ.’

‘ನಿಮ್ಮಪ್ಪ ಮಾಡಿದ್ರ?’

ಸುಳ್ಳು ಹೇಳಲು ಆಗಲಿಲ್ಲ. ‘ಅವರಿಗೂ ಬೈತಿದ್ದೆ.’

‘ನನಗ ಛಲೋ ಆತ್ರಿ ಅಂದಿ.’ ಅವರು ಕಿಟಕಿಯ ಕಡೆ ತಿರುಗಿದರು. ‘ಹಂಗಾರ ನಾ ಯಾರವಾ ನಿನಗ?’

ಕಾರ್ಡು ಹಾಳಾದಾಗ ಆಗದ ಸಂಕಟ ಆಗ ಆಯಿತು. ನಾನು ಗೌರವ ಎಂದುಕೊಂಡು ಹನ್ನೆರಡು ವರ್ಷ ಬಡಿಸಿದ್ದನ್ನು ಈ ಮನುಷ್ಯ ಪರಕೀಯತನ ಎಂದು ಉಂಡಿದ್ದರು. ಆಮೇಲೆ ಗಂಟಲು ತಾನಾಗಿ ತೆರೆಯಿತು.

‘ಯಾರ ಹೇಳಿದ್ರೀ ನಿಮಗ ಅದನ್ನ ಮುಟ್ಟಾಕ? ಒಂದ ಮಾತ ಕೇಳಾಕ ಬರ್ತಿದ್ದಿಲ್ಲೇನು? ಆರ ವರ್ಷಾತ್ರಿ, ಆರ ವರ್ಷ, ಆ ಕ್ಷೌರಿಕನ ಬೆನ್ನ ಹತ್ತಿ! ಫ್ರಿಜ್ ತಗ್ಯಾಕ ಕೇಳ್ತೀರಿ, ಟಿವಿ ಹಚ್ಚಾಕ ಕೇಳ್ತೀರಿ, ಕೇಳಬೇಕಾದ್ದೊಂದ ಕೇಳಂಗಿಲ್ಲ! ಆ ಕಪ್ಪ ಯಾಕ ತೊಳೀತೀರಿ ನೀವು? ನಾ ಏನ ಹೋಟೆಲ್ ಇಟ್ಟೀನೇನು?’

ಎದುರಿನ ಸೀಟಿನವರು ಪತ್ರಿಕೆ ಎತ್ತಿ ಹಿಡಿದುಕೊಂಡರು. ನಾನು ನಿಲ್ಲಿಸಲಿಲ್ಲ. ಹಿಂದಿನ ವರ್ಷ ಜ್ವರ ಬಂದಾಗ ಎರಡು ದಿನ ಮುಚ್ಚಿಟ್ಟಿದ್ದಕ್ಕೆ ಬೈದೆ, ಅದರ ಹಿಂದಿನ ವರ್ಷ ಮಳೆ ಹಿಡಿದು ಚಳಿಯಾದರೂ ಹೀಟರ್ ಹಾಕಿಕೊಳ್ಳದೆ ಕೂತಿದ್ದಕ್ಕೆ ಬೈದೆ. ಬೈಯುತ್ತಾ ಬೈಯುತ್ತಾ ಕಣ್ಣಲ್ಲಿ ನೀರು ಬಂತು, ಅದಕ್ಕೂ ಅವರನ್ನೇ ಬೈದೆ. ಕಿಂಗ್ಸ್‌ಬರಿ ಯಾವಾಗ ದಾಟಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಸ್ಟ್ಯಾನ್ಮೋರಿನಲ್ಲಿ ಎಲ್ಲರೂ ಇಳಿದುಹೋದರು. ರೈಲು ಅಲ್ಲಿಂದ ಮುಂದೆ ಹೋಗುವುದಿಲ್ಲ.

ಖಾಲಿ ಬೋಗಿಯಲ್ಲಿ ಮಾವನವರು ಕೋಟಿನ ಗುಂಡಿ ಬಿಚ್ಚಿ ಆರಾಮಾಗಿ ಒರಗಿದರು. ‘ಮುಗೀತೇನು, ಇನ್ನೂ ಐತೇನು?’ ಎಂದರು.

‘ಇನ್ನೂ ಐತ್ರಿ.’

‘ಆಗಲಿ. ರೈಲ್ ತಿರುಗಿ ಹೊಂಡಾಕ ಇನ್ನೂ ಹೊತ್ತೈತಿ.’

ಆ ಕಿಸೆ ಈಗಲೂ ಖಾಲಿಯಿದೆ. ಎಡಗೈಯವನು ಇನ್ನೊಬ್ಬ ಎಲ್ಲೋ ಇದ್ದಾನೆ. ನನ್ನ ಕೈಗೆ ಸಿಗದೆ ಎಲ್ಲಿ ಹೋಗುತ್ತಾನೆ, ನೋಡೇಬಿಡುತ್ತೇನೆ. ಲ್ಯಾಮಿನೇಟ್ ಆದವನು ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ, ಕಸದ ವೇಳಾಪಟ್ಟಿಯ ಪಕ್ಕದಲ್ಲಿ ನಿಂತಿದ್ದಾನೆ. ಅವತ್ತು ಮನೆಗೆ ಬಂದು ನಾನು ಅನ್ನ ಸಾರು ಬಿಸಿಮಾಡಿ ಬಡಿಸಿದೆ. ಮಾವನವರು ಎದ್ದು ಹೋಗಿ, ಯಾರನ್ನೂ ಕೇಳದೆ ಫ್ರಿಜ್ ತೆರೆದು ಮೊಸರು ತಂದುಕೊಂಡರು. ಒಂದು ತುತ್ತು ಕಲಸಿ ಬಾಯಿಗಿಟ್ಟು ಮುಖ ಸಿಂಡರಿಸಿದರು.

‘ಏನ ಮೊಸರು ಮಾಡಿಯವಾ ಇದು? ಹನ್ನೆರಡ ವರ್ಷಾತು ನೋಡಾಕ ಹತ್ತೀನಿ, ಒಂದ ದಿನಾನೂ ಹೆಪ್ಪ ಸರಿ ಬಿದ್ದಿಲ್ಲ ನಿನಗ!’