ಬೈಪಾಸ್ ಮಾಡಬೇಡಿ ಎಂದದ್ದಕ್ಕೆ ನಕ್ಕವರು

ಆಗ ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇತ್ತು. ಮಾನ್ವಿಯ ಒಂದು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಹಿರಿಯ ತರಬೇತುದಾರನಾಗಿದ್ದೆ. ಎಂಟೂವರೆಗೆ ಹಾಜರಿ, ಎಂಟು ಮುಕ್ಕಾಲಿಗೆ ಪರಿಕರಗಳ ಎಣಿಕೆ, ಪ್ರತಿ ಸೋಮವಾರ ಅರ್ಥ್ ಗುಂಡಿಗೆ ಎರಡು ಬಕೆಟ್ ನೀರು. ಮೂವತ್ತು ವರ್ಷ ಈ ಕ್ರಮ ತಪ್ಪಿರಲಿಲ್ಲ. ಯಂತ್ರದ ಲೋಹದ ಮೈಗೆ ವಿದ್ಯುತ್ ಸೋರಿದರೆ ಅದು ಮುಟ್ಟಿದವರ ಮೈಯೊಳಗೆ ಹರಿಯದೆ ನೇರ ನೆಲಕ್ಕೆ ಇಳಿಯಲೆಂದು ತೋಡುವ ಗುಂಡಿ ಅದು. ಉಪ್ಪು, ಇದ್ದಿಲು ತುಂಬಿ ನಡುವೆ ಪೈಪು ಹುಗಿದಿರುತ್ತಾರೆ. ನಮ್ಮ ಕಡೆಯ ಕರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಗುಂಡಿ ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದಂತೆ.

ನನ್ನ ಕೈಯಲ್ಲಿ ಕಲಿತವರು ಜಿಲ್ಲೆಯ ತುಂಬ ಇದ್ದಾರೆ. ಅವರೇ ಕಟ್ಟಿಕೊಂಡ ಒಂದು ವಾಟ್ಸಾಪ್ ಗುಂಪು ಇತ್ತು. ಸುಮಾರು ಮುನ್ನೂರು ವೈರ್‌ಮನ್‌ಗಳು, ಒಂದಿಷ್ಟು ಅಂಗಡಿಯವರು, ಕೆಲವರು ಗಿರಾಕಿಗಳು. ಅಡ್ಮಿನ್ ಶರಣು, ನನ್ನ ವಿದ್ಯಾರ್ಥಿಯೇ, ರಾಯಚೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು. ಯಾವ ತಂತಿ ಬಾಳಿಕೆ ಬರುತ್ತದೆ, ಎಲ್‌ಇಡಿ ಬಲ್ಬು ಆರಿಸಿದ ಮೇಲೂ ಯಾಕೆ ಮಿನುಗುತ್ತದೆ, ಇನ್ವರ್ಟರಿಗೆ ಯಾವ ಬ್ಯಾಟರಿ ಎಂದು ಅಲ್ಲಿ ದಿನವಿಡೀ ವಾದ ನಡೆಯುತ್ತಿತ್ತು. ವಾದಕ್ಕಿಂತ ಹೆಚ್ಚು ಚ್ಯಾಷ್ಟಿ, ತಮಾಷೆ.

ನಾನು ಬೆಳಿಗ್ಗೆ ಏಳರಿಂದ ಏಳೂವರೆವರೆಗೆ ಮಾತ್ರ ಆ ಗುಂಪಿನಲ್ಲಿ ಬರೆಯುತ್ತಿದ್ದೆ. ಇದು ಎಲ್ಲರಿಗೂ ಗೊತ್ತಿತ್ತು. ಏಳು ಮೂವತ್ತೊಂದಕ್ಕೆ ಸರಿಯಾಗಿ ಶರಣುವಿನ ಸಂದೇಶ ಬರುತ್ತಿತ್ತು: "ಮಾಸ್ತರ ಡ್ಯೂಟಿ ಮುಗೀತು. ಇನ್ನ ಬಾಯಿ ಬಿಡ್ರಿಲೇ." ಒಮ್ಮೆ ಯಾರೋ ನಾನು ಅರ್ಥ್ ಗುಂಡಿಗೆ ನೀರು ಹಾಕುವ ಫೋಟೊ ಹಾಕಿ ಕೆಳಗೆ ಬರೆದಿದ್ದರು: "ಮಾಸ್ತರ ಕರೆಂಟ್ ಗಿಡಕ್ಕ ನೀರ ಹಾಕಾಕತ್ಯಾರ. ಮುಂದಿನ ವರ್ಷ ಬಲ್ಬ್ ಬಿಡ್ತದ." ಅದಕ್ಕೆ ನಾನೂ ನಕ್ಕೆ. ಚೆನ್ನಾಗಿತ್ತು.

ಏಪ್ರಿಲ್ ತಿಂಗಳ ಒಂದು ಮಂಗಳವಾರ ನಸೀಮಾಳ ಪ್ರಶ್ನೆ ಬಂತು. ನಸೀಮಾ ತನ್ನ ಬ್ಯಾಚಿನ ಒಬ್ಬಳೇ ಹುಡುಗಿ. ಅವಳ ತಂದೆಗೆ ಮಾನ್ವಿ ಬಜಾರಿನಲ್ಲಿ ಪಾತ್ರೆ ಅಂಗಡಿ. ಪಾಸಾಗಿ ಎರಡು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಮೊದಲ ಸಲ ಸ್ವಂತವಾಗಿ ಒಂದು ಕೆಲಸ ಹಿಡಿದಿದ್ದಳು. ದೇವದುರ್ಗದ ಒಂದು ಖಾಸಗಿ ಹುಡುಗಿಯರ ಹಾಸ್ಟೆಲಿನ ಹಳೆಯ ಬೋರ್ಡ್ ತೆಗೆದು ಹೊಸದು ಕೂರಿಸುವ ಕೆಲಸ.

"ಹೊಸಾ ಆರ್‌ಸಿಸಿಬಿ ಹಾಕೀನಿ. ದಿನಕ್ಕ ಎಂಟು-ಹತ್ತು ಸಲ ಟ್ರಿಪ್ ಆಗಾಕತ್ತದ. ಯಾವಾಗ ಆಗ್ತದ ಅನ್ನೂದಕ್ಕ ಲೆಕ್ಕನ ಇಲ್ಲ. ಎಲ್ಲಾ ಲೈನ್ ಮೆಗ್ಗರ್ ಮಾಡೀನಿ, ಪಾಸ್ ಅದಾವ. ಯಾರಿಗಾದ್ರೂ ಗೊತ್ತದೇನ್ರಿ?"

ಆರ್‌ಸಿಸಿಬಿ ಎಂಬುದು ಮುಖ್ಯ ಬೋರ್ಡಿನಲ್ಲಿ ಕೂರುವ ಒಂದು ಸ್ವಿಚ್ಚು. ಫೇಸ್ ತಂತಿಯಲ್ಲಿ ಹೋದ ವಿದ್ಯುತ್ತು ನ್ಯೂಟ್ರಲ್ ತಂತಿಯಲ್ಲಿ ಅಷ್ಟೇ ವಾಪಸು ಬಂತೋ ಇಲ್ಲವೋ ಎಂದು ಅದು ಸದಾ ನೋಡುತ್ತಿರುತ್ತದೆ. ಆಂಪಿಯರಿನ ನೂರರಲ್ಲಿ ಮೂರು ಪಾಲು ಕಡಿಮೆಯಾದರೂ ಇಡೀ ಕಟ್ಟಡದ ವಿದ್ಯುತ್ ಕಡಿದುಹಾಕುತ್ತದೆ. ಕಾಣೆಯಾದ ಆ ಪಾಲು ಯಾರದೋ ಮೈಯೊಳಗೆ ಹರಿಯುತ್ತಿರಬಹುದು ಎಂಬುದೇ ಅದರ ತರ್ಕ. ಮೆಗ್ಗರ್ ಎಂದರೆ ತಂತಿಯ ಮೇಲಿನ ಹೊದಿಕೆ ಗಟ್ಟಿ ಇದೆಯೇ ಎಂದು ಪರೀಕ್ಷಿಸುವ ಉಪಕರಣ.

ಉತ್ತರಗಳು ಸಾಲುಗಟ್ಟಿದವು.

"ತಂಗಿ, ಅದು ಅಂಜುಬುರುಕ. ನೆರಳ ಕಂಡ್ರೂ ಬೀಳ್ತದ."

"ಹುಡುಗಿ ಹಾಕಿದ್ದಲ್ಲೇನ್ರಿ, ನಾಚಾಕತ್ತದ."

"ಎರಡು ತುಂಡು ವೈರ್, ಐದು ನಿಮಿಷ. ಬೈಪಾಸ್ ಮಾಡಿ ಚಾ ಕುಡಿ."

ಕೊನೆಯದಕ್ಕೆ ನಲವತ್ತಕ್ಕೂ ಹೆಚ್ಚು ನಗುವ ಮುಖಗಳು ಬಿದ್ದಿದ್ದವು. ಬೈಪಾಸ್ ಎಂದರೆ ಆರ್‌ಸಿಸಿಬಿಯನ್ನು ಅಲ್ಲೇ ಬಿಟ್ಟು, ಅದರ ಎರಡೂ ಬದಿಯನ್ನು ತಂತಿಯಿಂದ ಜೋಡಿಸಿಬಿಡುವುದು. ಕಾವಲುಗಾರನನ್ನು ಬಾಗಿಲಲ್ಲೇ ಕೂರಿಸಿ ಹಿಂದಿನ ಗೋಡೆ ಒಡೆದಂತೆ.

ನಾನು ಬರೆದೆ: "ಬೈಪಾಸ್ ಮಾಡಬೇಡಿ. ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುವುದಿಲ್ಲ. ಎಲ್ಲೋ ಸೋರಿಕೆ ಇದೆ, ಹುಡುಕಿ."

ಏಳು ಮೂವತ್ತೊಂದಕ್ಕೆ ಒಬ್ಬ ಬರೆದ: "ಮೆಗ್ಗರ್ ಪಾಸ್, ಮಾಸ್ತರ ಫೇಲ್." ಮಧ್ಯಾಹ್ನದ ಹೊತ್ತಿಗೆ ನನ್ನ ಮುಖಕ್ಕೆ ಸ್ವಿಚ್ಚಿನ ಮೈ ಅಂಟಿಸಿದ ಚಿತ್ರ ಹರಿದಾಡತೊಡಗಿತು. ಹೆಸರು 'ಟ್ರಿಪ್ ಮಾಸ್ತರ'. ಅದರ ಹಿಂದೆಯೇ ಶರಣುವಿನ ದನಿ ಸಂದೇಶ: "ಸರ್ ಕ್ಲಾಸಿನ್ಯಾಗ ಸರಿ ಹೇಳ್ತಾರ. ಫೀಲ್ಡಿನ್ಯಾಗ ಓನರ್ ತೆಲಿ ಮ್ಯಾಲ ಕುಂತಿರ್ತಾನ. ಹಳ್ಳ್ಯಾಗ ಅರ್ಥಿಂಗ್ ಇಲ್ದನ ಎಷ್ಟ್ ವರ್ಷ ನಡದದ. ಯಾರ್ ಸತ್ತಾರ?"

ಮರುದಿನ ಏಳಕ್ಕೆ ಉತ್ತರ ಹಾಕಿದೆ. "ಸತ್ತವರು ಈ ಗುಂಪಿನಲ್ಲಿ ಬರೆಯುವುದಿಲ್ಲ ಶರಣು. ನಾನು ಕಲ್ಲೂರಿನ ಕೂಲಿ ಮನೆಯಿಂದ ಬಂದವನು. ಊರಿಗೆಲ್ಲ ಬಂದ ಮೇಲೆ ನಮ್ಮ ಓಣಿಗೆ ಕರೆಂಟ್ ಬಂತು. ಬಂದಾಗ ಎರಡೇ ತಂತಿ ಬಂದವು. ಮೂರನೆಯ ತಂತಿ, ಜೀವ ಕಾಯುವ ತಂತಿ, ನಮಗೆ ಬೇಕಾಗುವುದಿಲ್ಲ ಎಂದು ಯಾರೋ ನಮ್ಮ ಪರವಾಗಿ ತೀರ್ಮಾನಿಸಿದ್ದರು. ಆ ತೀರ್ಮಾನವನ್ನು ನನ್ನ ವಿದ್ಯಾರ್ಥಿಗಳು ಮುಂದುವರಿಸುವುದು ನನಗೆ ಒಪ್ಪಿಗೆ ಇಲ್ಲ."

"ಮಾಸ್ತರ ಭಾಷಣ ಓವರ್‌ಲೋಡ್ ಆಯ್ತು" ಎಂದು ಒಬ್ಬ ಬರೆದ. ಮತ್ತೆ ನಗುವ ಮುಖಗಳು.

ಅಂದು ಸಂಜೆ ನಸೀಮಾ ಫೋನ್ ಮಾಡಿದಳು.

"ಸರ್, ವಾರ್ಡನ್ನವರು ಶನಿವಾರದ ತನಕ ಟೈಮ್ ಕೊಟ್ಟಾರ. ಹುಡುಗೇರಿಗೆ ಪರೀಕ್ಷಾ ನಡದದ, ಫ್ಯಾನ್ ನಿಂತ್ರ ಚೀರ್ತಾರ. ಆಮ್ಯಾಲ ಬ್ಯಾರೆಯವರನ್ನ ಕರಸ್ತಾರಂತ. ಅಬ್ಬಾನೂ ಹೇಳಾಕತ್ತಾರ, ಸಾಕು, ಅಂಗಡ್ಯಾಗ ಕುಂದ್ರು ಅಂತ."

"ನೀ ಏನಂದಿ?"

"ಟ್ರಿಪ್ ಆಗಾಕ ಕಾರಣ ಅದ, ನನಗ ಸಿಕ್ಕಿಲ್ಲ ಅಷ್ಟ, ಅಂದೆ."

ಶುಕ್ರವಾರ ರಜೆ ಹಾಕಿ, ನಸೀಮಾಳ ಜೊತೆ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಮೊದಲ ಬಸ್ಸು ಹಿಡಿದೆ. ಹಾಸ್ಟೆಲ್ ಎರಡು ಅಂತಸ್ತಿನದು. ಸುತ್ತಲ ಹಳ್ಳಿಗಳಿಂದ ಕಾಲೇಜಿಗೆ ಬಂದ ಅರವತ್ತೆರಡು ಹುಡುಗಿಯರು, ಹೆಚ್ಚಿನವರು ನನ್ನಂಥ ಮನೆಗಳವರೇ. ವಾರ್ಡನ್ ಶಾಂತಮ್ಮ ಬಾಗಿಲಲ್ಲೇ ಎದುರಾದರು.

"ಬರ್ರಿ ಸರ್. ಈಗೆಲ್ಲಾ ಸರಿ ಆಗ್ಯಾದ. ಶನಿವಾರದ ತನಕ ಕಾಯಾಕ ಆಗಲಿಲ್ಲ, ನಿನ್ನೆ ಒಬ್ಬರು ಬಂದು ಐದು ನಿಮಿಷದಾಗ ಮಾಡಿಹೋದ್ರು."

ನಸೀಮಾ ಬೋರ್ಡಿನ ಮುಚ್ಚಳ ತೆಗೆದಳು. ಎರಡು ತುಂಡು ವೈರ್. ಗುಂಪಿನಲ್ಲಿ ಬರೆದಿದ್ದ ಹಾಗೆಯೇ. ಅವಳು ಮುಚ್ಚಳವನ್ನು ಕೈಯಲ್ಲೇ ಹಿಡಿದು ನಿಂತಳು. ಅವಳ ಕೆಲಸದ ಮೇಲೆ ಇನ್ನೊಬ್ಬರು ಕೈಯಾಡಿಸಿ ಹೋಗಿದ್ದರು. ಯಾರೆಂದು ನಾನು ಶಾಂತಮ್ಮನವರನ್ನು ಕೇಳಲಿಲ್ಲ. ಹೆಸರು ತಿಳಿದರೆ ನನ್ನ ವಿದ್ಯಾರ್ಥಿಯೇ ಆಗಿರುತ್ತಾನೆ ಎಂಬ ಅಳುಕೂ ಇತ್ತು.

ಮೇಲಿನ ಅಂತಸ್ತಿನಿಂದ ಶುರು ಮಾಡಿ, ಕೋಣೆ ಕೋಣೆಯ ಪಟ್ಟಿ ಬರೆದುಕೊಳ್ಳುತ್ತ ಬಂದೆವು. ಕೊನೆಗೆ ಊಟದ ಕೋಣೆ. ಮೂಲೆಯಲ್ಲಿ ತಣ್ಣೀರಿನ ಸ್ಟೀಲ್ ವಾಟರ್ ಕೂಲರ್. ಅದರ ಮುಂದೆ, ಒದ್ದೆ ನೆಲದ ಮೇಲೆ, ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ. ಒಬ್ಬ ಹುಡುಗಿ ಅದನ್ನು ಮೆಟ್ಟಿಕೊಂಡು ಬಾಟಲಿ ತುಂಬಿಸಿದಳು, ಕಳಚಿಟ್ಟಳು. ಬರಿಗಾಲಲ್ಲಿ ಕಾಯುತ್ತಿದ್ದ ಇನ್ನೊಬ್ಬಳು ಅದೇ ಚಪ್ಪಲಿಗೆ ಕಾಲು ತೂರಿಸಿದಳು.

"ಇವು ಯಾರವು ಯವ್ವಾ?"

"ಯಾರವೂ ಅಲ್ಲರಿ, ಕೂಲರಿಂದು. ಹಾಕ್ಕೊಂಡ್ರ ಝುಂ ಅನ್ನಂಗಿಲ್ಲ."

ಇನ್ನೊಬ್ಬಳು ನಗುತ್ತ ಸೇರಿಸಿದಳು: "ಇದು ಕರೆಂಟ್ ನೀರ್ರಿ ಸರ್. ಕುಡದ್ರ ತೆಲಿ ಚುರುಕಾಗ್ತದ ಅಂತ ಸೀನಿಯರ್ಸ್ ಹೇಳ್ಯಾರ."

ದೂರ ಸರಿಯಿರಿ ಎಂದು ನಾನು ಕೂಗಿದ್ದು ಬೀದಿಗೆ ಕೇಳಿರಬೇಕು. ಹುಡುಗಿಯರು ಬೆದರಿ ಗೋಡೆಗೆ ಆನಿಕೊಂಡರು. ಕ್ಲ್ಯಾಂಪ್ ಮೀಟರ್ ಎಂಬ ಉಪಕರಣವಿದೆ. ತಂತಿಯನ್ನು ಕತ್ತರಿಸದೆ, ಸುತ್ತ ಹಿಡಿದರೆ ಸಾಕು, ಎಷ್ಟು ವಿದ್ಯುತ್ ಹರಿಯುತ್ತಿದೆ ಎಂದು ಹೇಳುತ್ತದೆ. ಅರ್ಥ್ ತಂತಿಯ ಸುತ್ತ ಹಿಡಿದೆ. ಅಲ್ಲಿ ಸೊನ್ನೆ ಇರಬೇಕು. ಮೂರು ಆಂಪಿಯರ್ ತೋರಿಸಿತು. ಕೂಲರಿನ ಮೈಗೂ ಒದ್ದೆ ನೆಲಕ್ಕೂ ನಡುವೆ ಅಳೆದರೆ ಎಪ್ಪತ್ತು ವೋಲ್ಟ್. ಅರವತ್ತೆರಡು ಹುಡುಗಿಯರ ಜೀವ ಒಂದು ಜೊತೆ ಚಪ್ಪಲಿಯ ಮೇಲೆ ನಿಂತಿತ್ತು.

ಮೇನ್ ಸ್ವಿಚ್ ಕೆಳಗೆಳೆದು ಪ್ಲಗ್ಗಿನ ಪೆಟ್ಟಿಗೆ ಬಿಚ್ಚಿದೆವು. ನ್ಯೂಟ್ರಲ್ ಇರಬೇಕಾದಲ್ಲಿ ಹಸಿರು ತಂತಿ ಕೂತಿತ್ತು. ಹಸಿರು ಎಂದರೆ ಅರ್ಥ್. ಹಿಂದೆ ಎಂದೋ ನ್ಯೂಟ್ರಲ್ ತಂತಿ ಗೋಡೆಯೊಳಗೆ ತುಂಡಾಗಿದೆ. ಹೊಸ ತಂತಿ ಎಳೆಯುವ ರಗಳೆ ಬೇಡವೆಂದು ಯಾವನೋ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡಿ ಹೋಗಿದ್ದಾನೆ. ಕೂಲರ್ ಓಡುವಾಗಲೆಲ್ಲ ಅದರ ಅಷ್ಟೂ ವಿದ್ಯುತ್ತು ಅರ್ಥ್ ತಂತಿಯಲ್ಲೇ ವಾಪಸಾಗುತ್ತಿತ್ತು. ಗುಂಡಿ ಒಣಗಿದ್ದರಿಂದ ಸಲೀಸಾಗಿ ನೆಲಕ್ಕಿಳಿಯದೆ, ಅದೇ ತಂತಿಗೆ ಸೇರಿದ ಕೂಲರಿನ ಮೈಗೂ ಏರುತ್ತಿತ್ತು. ನೀರು ತಣ್ಣಗಾದಾಗ ಕಂಪ್ರೆಸರ್ ತಾನೇ ನಿಲ್ಲುತ್ತದೆ, ಬಿಸಿಯಾದಾಗ ತಾನೇ ಓಡುತ್ತದೆ. ಟ್ರಿಪ್ ಆಗುವುದಕ್ಕೆ ಲೆಕ್ಕ ಸಿಗದಿದ್ದದ್ದು ಅದಕ್ಕೇ. ಮೆಗ್ಗರ್ ಪರೀಕ್ಷೆಯನ್ನು ಎಲ್ಲ ಪ್ಲಗ್ ಕಿತ್ತು ಮಾಡುತ್ತಾರೆ. ಪ್ಲಗ್ ಕಿತ್ತಾಗ ಈ ದೋಷವೇ ಇರುವುದಿಲ್ಲ.

"ಆರ್‌ಸಿಸಿಬಿ ಇಷ್ಟು ದಿನ ನಮಗ ಇದನ್ನ ಹೇಳಾಕತ್ತಿತ್ತು ಸರ್" ಎಂದಳು ನಸೀಮಾ.

ಗೋಡೆಯ ಪೈಪಿನಲ್ಲಿ ಹೊಸ ನ್ಯೂಟ್ರಲ್ ಎಳೆದದ್ದು ಅವಳೇ. ನಾನು ಟಾರ್ಚ್ ಹಿಡಿದೆ, ಅಷ್ಟೆ. ಹಿತ್ತಲಿನ ಅರ್ಥ್ ಗುಂಡಿಯ ಮೇಲೆ ಒಡೆದ ಹೂಕುಂಡ ಕೂತಿತ್ತು. ಅದನ್ನು ಸರಿಸಿದ ಮೇಲೆ ಹುಡುಗಿಯರು ಸಾಲಾಗಿ ನೀರು ಹೊತ್ತು ತಂದರು. ಕೊನೆಗೆ ಬೋರ್ಡಿನ ಆ ಎರಡು ತುಂಡು ವೈರನ್ನು ನಸೀಮಾ ಕತ್ತರಿಸಿ ತೆಗೆದು ಕಿಸೆಗೆ ಹಾಕಿಕೊಂಡಳು. ಮೇನ್ ಹಾಕಿ ಇಬ್ಬರೂ ಕೂಲರಿನ ಮುಂದೆ ಸ್ಟೂಲ್ ಹಾಕಿ ಕೂತೆವು. ಒಂದೂವರೆ ತಾಸಿನಲ್ಲಿ ಕಂಪ್ರೆಸರ್ ಮೂರು ಸಲ ಓಡಿ ನಿಂತಿತು. ಆರ್‌ಸಿಸಿಬಿ ಅಲ್ಲಾಡಲಿಲ್ಲ.

ಶಾಂತಮ್ಮ ಕೇಳಿದರು: "ಮತ್ತ ಟ್ರಿಪ್ ಆದ್ರ?"

"ಸೋರಿದ್ರ ಆಗಬೇಕ್ರಿ ಮೇಡಂ. ಆದಾಗ ನನಗ ಫೋನ್ ಹಚ್ರಿ. ಬ್ಯಾರೆ ಯಾರೂ ಅದನ್ನ ಮುಟ್ಟಂಗಿಲ್ಲ."

ನಸೀಮಾಳ ಆ ದನಿಗೆ ಶಾಂತಮ್ಮ ತಲೆಯಾಡಿಸಿದರು. ನಾನಾಗಿದ್ದರೂ ಆಡಿಸುತ್ತಿದ್ದೆ.

ಸಂಜೆ ನಾಲ್ಕು ಗಂಟೆಗೆ, ನನ್ನ ವೇಳೆ ಮೀರಿ, ಗುಂಪಿನಲ್ಲಿ ಎರಡು ಫೋಟೊ ಹಾಕಿದೆ. ನ್ಯೂಟ್ರಲ್ ಜಾಗದಲ್ಲಿ ಕೂತ ಹಸಿರು ತಂತಿಯದೊಂದು, ಚಪ್ಪಲಿಯದೊಂದು. ಕೆಳಗೆ ಬರೆದೆ: "ಅರವತ್ತೆರಡು ಹುಡುಗಿಯರು ಕುಡಿಯುವ ನೀರು. ನಿನ್ನೆ ಇದನ್ನು ಬೈಪಾಸ್ ಮಾಡಿದವರು ಇಲ್ಲಿದ್ದರೆ ಹೆಸರು ಹೇಳುವುದು ಬೇಡ. ಮತ್ತೆ ಮಾಡಬೇಡಿ. ದೋಷ ಕಂಡುಹಿಡಿದು ಸರಿಪಡಿಸಿದವಳು ನಸೀಮಾ."

ಒಂದು ತಾಸು ಕಳೆಯಿತು. ಆಮೇಲೆ ಶರಣು ಫೋನ್ ಮಾಡಿದ.

"ಸರ್, ಫೋಟೊ ತಗೀರಿ. ಗಿರಾಕಿಗಳೂ ಗುಂಪಿನ್ಯಾಗ ಅದಾರ. ನಮ್ಮ ಮಂದಿ ಹೊಟ್ಟಿ ಮ್ಯಾಲ ಹೊಡದಂಗ ಆಗ್ತದ."

"ತಗಿಯಂಗಿಲ್ಲ."

"ನಾವು ಚ್ಯಾಷ್ಟಿಗೆ ಅಂದಿದ್ವಿ ಸರ್."

"ನೀವು ಚ್ಯಾಷ್ಟಿಗೆ ಅಂದ್ರಿ. ಅದನ್ನ ಓದಿ ಒಬ್ಬ ಹೋಗಿ ವೈರ್ ಜೋಡಿಸಿದ."

"ಅಡ್ಮಿನ್ ನಾನು ಸರ್. ಏನ್ ಮಾಡಬೇಕಾಗ್ತದೋ ಮಾಡ್ತೀನಿ."

"ಮಾಡು."

ಮಾಡಿದ. ನನ್ನ ಸಂದೇಶ ಅಳಿಸಿ, ನನ್ನನ್ನು ಗುಂಪಿನಿಂದ ತೆಗೆದ. ಮರುದಿನ ಬೆಳಿಗ್ಗೆ ಏಳಕ್ಕೆ ಫೋನ್ ಕೈಗೆತ್ತಿಕೊಂಡಾಗಲೇ ನನಗೆ ತಿಳಿದದ್ದು. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮತ್ತೆ ಸೇರಿಸು ಎಂದು ಕೇಳಲಿಲ್ಲ, ಈಗಲೂ ಕೇಳಿಲ್ಲ.

ಮುಂದಿನ ಒಂಬತ್ತು ದಿನಗಳಲ್ಲಿ ನನಗೆ ಹನ್ನೊಂದು ಫೋನ್ ಬಂದವು. ಗುಂಪಿನಲ್ಲಿ ನಕ್ಕಿದ್ದವರೂ ಅವರಲ್ಲಿದ್ದರು. ಎಲ್ಲರದೂ ಸಣ್ಣ ದನಿ. "ಸರ್, ನಾನೂ ಒಂದು ಮನ್ಯಾಗ ಹಂಗ ಮಾಡೀನಿ. ಈಗ ನಿದ್ದಿ ಬರವಲ್ದು." ಯಾವ ಊರು, ಯಾವ ಮನೆ ಎಂದಷ್ಟೇ ಕೇಳಿದೆ. ಭಾನುವಾರಗಳಲ್ಲಿ ಅವರ ಜೊತೆ ಹೋದೆ. ಚೀಕಲಪರ್ವಿಯ ಒಂದು ಹಿಟ್ಟಿನ ಗಿರಣಿ, ಹಿರೇಕೊಟ್ನೆಕಲ್ಲಿನ ಎರಡು ಮನೆ, ಹೀಗೆ. ಆ ಓಡಾಟದಲ್ಲಿ ನನ್ನ ತಪ್ಪೂ ನನಗೆ ಕಂಡಿತು. ಹಸಿರು ಎಂದರೆ ಅರ್ಥ್ ಎಂದು ಮೂವತ್ತು ವರ್ಷ ಹಲಗೆಯ ಮೇಲೆ ಬರೆಸಿದ್ದೆ. ಗೋಡೆಯೊಳಗೆ ನ್ಯೂಟ್ರಲ್ ತುಂಡಾಗಿ, ಮಾಲೀಕ ತಲೆಯ ಮೇಲೆ ನಿಂತು ಕೂಗುವಾಗ ಏನು ಹೇಳಬೇಕು ಎಂಬುದನ್ನು ಒಂದು ದಿನವೂ ಕಲಿಸಿರಲಿಲ್ಲ. ಉಳಿದ ಹದಿಮೂರು ತಿಂಗಳು ಅದನ್ನೂ ಕಲಿಸಿದೆ. ತರಗತಿಯಲ್ಲೇ ನಾಟಕದಂತೆ ಒಬ್ಬ ಹುಡುಗ ಮಾಲೀಕನಾಗುತ್ತಿದ್ದ, ಇನ್ನೊಬ್ಬ ವೈರ್‌ಮನ್. "ಆಗೂದಿಲ್ಲ" ಎಂದು ಗಟ್ಟಿಯಾಗಿ ಹೇಳುವ ತನಕ ಬಿಡುತ್ತಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಮುನ್ನೂರು ಜನರ ಗುಂಪಿನಲ್ಲಿ ನಗುವವರು ನಲವತ್ತು ಐವತ್ತು ಜನ. ಉಳಿದವರು ಓದಿ ಸುಮ್ಮನಿರುತ್ತಾರೆ. ಸರಿಯಾದ ಮಾತು ಆ ಸುಮ್ಮನಿರುವವರಿಗಾಗಿ ಬರೆಯಬೇಕಾದದ್ದು. ನಗುವವರಿಗೆ ಹೆದರಿ ಅದನ್ನು ಬರೆಯದಿದ್ದರೆ ನಷ್ಟ ಅವರದಲ್ಲ, ಸುಮ್ಮನೆ ಓದುವವರದು.

ನಸೀಮಾ ಇನ್ನೂ ಆ ಗುಂಪಿನಲ್ಲಿದ್ದಾಳೆ. ಹಾಸ್ಟೆಲಿನ ಕೆಲಸ ನೋಡಿ ದೇವದುರ್ಗದಲ್ಲೇ ಇನ್ನೂ ಎರಡು ಕಟ್ಟಡಗಳ ಕೆಲಸ ಅವಳಿಗೆ ಸಿಕ್ಕಿತು. ಅವಳ ತಂದೆ ಅಂಗಡಿಯ ಮುಂದೆ ಅವಳ ಫೋನ್ ನಂಬರಿನ ಬೋರ್ಡು ತೂಗುಹಾಕಿದ್ದಾರೆ. ಗುಂಪಿನಲ್ಲಿ ಈಗಲೂ ಆಗಾಗ ಯಾರಾದರೂ ಬೈಪಾಸ್ ಮಾಡು ಎಂದು ಬರೆಯುತ್ತಾರಂತೆ. ಆಗೆಲ್ಲ ಅವಳು ಹಸಿರು ತಂತಿಯ ಫೋಟೊ ಹಾಕುತ್ತಾಳೆ. ಕೆಳಗೆ ಒಂದೇ ಸಾಲು: "ಯಾವ ಊರು ಹೇಳ್ರಿ, ನಾನ ಬರ್ತೀನಿ." ಅವಳನ್ನು ತೆಗೆಯಲು ಶರಣುವಿಗೆ ಇನ್ನೂ ಧೈರ್ಯ ಬಂದಿಲ್ಲ.