ಕುಂಕುಮ ಇಡದ ಕತ್ತರಿ

ಬೇಗೂರಿನ ನಮ್ಮ ಬೀದಿಯ ಕಟಿಂಗ್ ಶಾಪ್‌ನವನು ಹಬ್ಬದ ಇನಾಮನ್ನು ಬಾಯಿಬಿಟ್ಟು ಕೇಳಿದ್ದೇ ಇಲ್ಲ. ಆಯುಧಪೂಜೆ ಬಂತೆಂದರೆ ಕನ್ನಡಿಯ ಮುಂದೆ ಒಂದು ಸ್ಟೀಲ್ ತಟ್ಟೆ ಬಂದು ಕೂರುತ್ತಿತ್ತು, ಅಷ್ಟೆ. ಎಷ್ಟು ಹಾಕಬೇಕೆಂದು ಕೇಳಿದರೆ ಬಾಚಣಿಗೆಯನ್ನು ಅಂಗೈಗೆ ತಟ್ಟಿಕೊಳ್ಳುತ್ತಾ, "ನಿಮ್ಮಿಷ್ಟ ಸಾರ್" ಎನ್ನುತ್ತಿದ್ದ.

ಒಮ್ಮೆ ಪೂಜೆಯ ದಿನವೇ ನಮ್ಮ ಮನೆ ಓನರ್ ಮೀಸೆ ಟ್ರಿಮ್ ಮಾಡಿಸಲು ಕೂತಿದ್ದರು. ಸಂಜೆ ಆನೇಕಲ್‌ನಲ್ಲಿ ಅವರ ಮಗಳ ನಿಶ್ಚಿತಾರ್ಥ. ತಟ್ಟೆ ನೋಡಿ, "ಇದೆಲ್ಲಾ ಯಾಕಪ್ಪ, ಮುಂದಿನ್ ವರ್ಷ ನೋಡಣ" ಎಂದರು.

"ನಿಮ್ಮಿಷ್ಟ ಸಾರ್."

ಎಡಗಡೆ ಮೀಸೆ ಮುಗಿಸಿದವನೇ ಕತ್ತರಿಯನ್ನು ದೇವರ ಪಟದ ಮುಂದಿಟ್ಟು ಕುಂಕುಮ ಹಚ್ಚಿದ. "ಪೂಜೆಗೆ ಇಟ್ಟಾಯ್ತು ಸಾರ್. ಇನ್ನು ನಾಳೆವರ್ಗೂ ಮುಟ್ಟಂಗಿಲ್ಲ."

ಓನರ್ ಕನ್ನಡಿ ನೋಡಿಕೊಂಡರು. ಎಡಕ್ಕೆ ಮದುಮಗ, ಬಲಕ್ಕೆ ಪೈಲ್ವಾನ. ಐನೂರರ ನೋಟು ತಟ್ಟೆಗೆ ಬಿತ್ತು.

ಅವನು ಡ್ರಾಯರ್ ಎಳೆದ. "ಇನ್ನೊಂದು ಕತ್ತರಿ ಐತೆ ಸಾರ್. ಇದಕ್ಕಿನ್ನೂ ಕುಂಕುಮ ಇಟ್ಟಿಲ್ಲ."

ಮುಂದಿನ ಸರದಿ ನನ್ನದು. ಕುರ್ಚಿಯಲ್ಲಿ ಕೂರುವ ಮೊದಲೇ ತಟ್ಟೆಗೆ ಹಾಕಿಬಿಟ್ಟೆ. ಅವನು ಮನಸ್ಸಿಗೆ ನೋವಾದವನಂತೆ ನನ್ನನ್ನು ನೋಡಿದ.

"ಅರ್ಜೆಂಟ್ ಏನಿತ್ತು ಸಾರ್? ಕಟಿಂಗ್ ಮುಗಿದ್ಮೇಲೆ ಕೊಡಬೋದಿತ್ತು."